ಅವಸರವಿಲ್ಲದ ಚುರುಕು

ಮಲಪ್ರಭೆಯ ದಂಡೆಯ ಮನೋಳಿಯಲ್ಲಿ ಬಸ್ ಹತ್ತಿದವರು ಬೆಳಗಾವಿಯಲ್ಲಿ ಇಳಿಯಲು ಹೆಚ್ಚುಕಡಿಮೆ ಎರಡು ತಾಸು ಬೇಕು. ಪೆಟ್ ಸ್ಕ್ಯಾನಿಗೆ ಬಳಸುವ ಫ್ಲೋರಿನ್-18 ಅಷ್ಟರಲ್ಲಿ ಅರ್ಧ ಕರಗಿರುತ್ತದೆ. ಅದರ ಅರ್ಧಾಯು 110 ನಿಮಿಷ. ಇಂಥದ್ದನ್ನು ಕೂಡಿಡಲು ಬರುವುದಿಲ್ಲ. ಆಸ್ಪತ್ರೆಯ ಬಾಗಿಲು ತೆರೆಯುವ ಮೊದಲೇ ಅದನ್ನು ತಯಾರಿಸುವ ಸೈಕ್ಲೋಟ್ರಾನ್ ಯಂತ್ರ ಕೆಲಸ ಮುಗಿಸಬೇಕು.

ದೇಶದ ಮೊದಲ ವೈದ್ಯಕೀಯ ಸೈಕ್ಲೋಟ್ರಾನ್ 2002ರಲ್ಲಿ ಮುಂಬೈಯ ಪರೇಲಿನ ರೇಡಿಯೇಷನ್ ಮೆಡಿಸಿನ್ ಸೆಂಟರಿಗೆ ಬಂತು. ಬೆಳಗಾವಿ ಸೀಮೆಯ ಕ್ಯಾನ್ಸರ್ ರೋಗಿಗಳು ವರದಿಗಳ ಚೀಲ ಹಿಡಿದು ಹೋಗುವ ಟಾಟಾ ಆಸ್ಪತ್ರೆಯ ನೆರೆಯಲ್ಲೇ ಅದು. ಈಗ ಬೆಂಗಳೂರಿನಲ್ಲೂ ಇಂಥ ಯಂತ್ರಗಳಿವೆ. ಹೊಸದಾಗಿ ಸೇರಿದವರ ಕಲಿಕೆ ಎಲ್ಲ ಕಡೆ ಸುಮಾರು ಒಂದೇ ತೆರ.

ನಸುಕಿನ ಹೊತ್ತು. ಆಳೆತ್ತರದಷ್ಟು ದಪ್ಪ ಕಾಂಕ್ರೀಟ್ ಗೋಡೆಯ ಕೋಣೆ. ಕೊನೆಗೆ ಒಳಗಿದ್ದವರು ಯಂತ್ರದ ಸುತ್ತ ನಡೆದು, ಮೂಲೆ ಮೂಲೆ ನೋಡಿ, ಗೋಡೆಯ ಗುಂಡಿಗಳನ್ನು ಒತ್ತುತ್ತ ಹೊರಬರುತ್ತಾರೆ. ಒಂದು ಗುಂಡಿ ಬಿಟ್ಟರೂ ಯಂತ್ರ ಶುರುವಾಗದು. ಬಾಗಿಲು ಮುಚ್ಚಿ ಕೆಂಪು ದೀಪ ಹತ್ತುತ್ತದೆ. ಒಳಗೆ ಪ್ರೋಟಾನುಗಳು ಆಕ್ಸಿಜನ್-18 ಇರುವ ನೀರಿಗೆ ಬಡಿದು ಫ್ಲೋರಿನ್-18 ಹುಟ್ಟುತ್ತಿರುತ್ತದೆ. ಯಂತ್ರ ನಿಂತ ಮೇಲೂ ಅದರ ಬಿಡಿಭಾಗಗಳು ವಿಕಿರಣ ಸೂಸುತ್ತವೆ. ರಿಪೇರಿಯವರು ಮೀಟರ್ ಇಳಿಯುವವರೆಗೆ ಕಾಯಲೇಬೇಕು.

ಪಕ್ಕದ ಕೋಣೆಯಲ್ಲಿ, ಫ್ಲೋರಿನ್-18 ಅನ್ನು ಔಷಧವಾಗಿಸುವ ಸೀಸದ ಗೋಡೆಯ ಹಾಟ್ ಸೆಲ್. ಹೊಸಬರ ಕೈ ಮೊದಲು ಹೋಗುವುದು ಎಕ್ಸ್-ರೇ ಕೋಣೆಯಲ್ಲಿ ತೊಡುವಂಥ ಏಪ್ರನ್ನಿಗೆ. ಕಲಿಸುವವರು ತಡೆಯುತ್ತಾರೆ: ‘ಅದು ಇಲ್ಲಿ ನಡೆಯೋದಿಲ್ರೀ.’ ಫ್ಲೋರಿನ್-18ರಿಂದಾಗಿ ಹೊಮ್ಮುವ 511 ಕಿಲೋ ಎಲೆಕ್ಟ್ರಾನ್‌ವೋಲ್ಟಿನ ಗಾಮಾ ಕಿರಣ ಅರ್ಧಕ್ಕಿಳಿಯಲು ಸುಮಾರು 4 ಮಿಲಿಮೀಟರ್ ಸೀಸ ಬೇಕು. ಏಪ್ರನ್ನಿನಲ್ಲಿರುವುದು ಸಾಮಾನ್ಯವಾಗಿ ಅರ್ಧ ಮಿಲಿಮೀಟರ್. ಅದಕ್ಕಿಂತ ಎರಡು ಹೆಜ್ಜೆ ಹಿಂದೆ ಸರಿಯುವುದೇ ಮೇಲು. ಒಂದು ಮೀಟರ್ ದೂರ ಎರಡಾದರೆ ಮೈಗೆ ಬೀಳುವ ವಿಕಿರಣ ಕಾಲು ಭಾಗಕ್ಕಿಳಿಯುತ್ತದೆ.

ಪೇಚು ಇರುವುದು ಮುಂದೆ. ಔಷಧ ಕರಗುತ್ತಿದೆ, ಕೈ ಚುರುಕಾಗಬೇಕು. ಗಡಿಬಿಡಿ ಮಾಡಿದರೆ ಸೀಸೆ ಉರುಳುತ್ತದೆ. ಅದಕ್ಕೇ ಮೊದಲು ಬಣ್ಣದ ನೀರಿನಲ್ಲಿ ಅಭ್ಯಾಸ. ಇಕ್ಕಳದಿಂದ ಸೀಸೆ ಎತ್ತುವುದು, ಟಂಗ್‌ಸ್ಟನ್ ಕವಚದ ಸಿರಿಂಜಿಗೆ ಎಳೆಯುವುದು, ಮುಚ್ಚುವುದು. ಕೈಗೆ ಒಗ್ಗುವ ತನಕ ಮತ್ತೆ ಮತ್ತೆ. ಬೇಕೆಂದೇ ಒಂದಿಷ್ಟು ಚೆಲ್ಲಿಸುತ್ತಾರೆ. ಕೂಗಿ ಹೇಳು, ಯಾರೂ ತುಳಿಯದಂತೆ ತಡೆ, ಹೀರುವ ಕಾಗದ ಹಾಕು, ಅಂಚಿನಿಂದ ನಡುವಿಗೆ ಒರೆಸು, ಪಾದರಕ್ಷೆಯ ಅಡಿಗೂ ಮೀಟರ್ ಹಿಡಿ.

ಎದೆಯ ಮೇಲೆ ಟಿಎಲ್‌ಡಿ ಬ್ಯಾಡ್ಜ್, ಬೆರಳಿಗೆ ಅದರದೇ ಉಂಗುರ. ಅವು ಯಾರನ್ನೂ ಕಾಯುವುದಿಲ್ಲ, ಮೈಗೆ ಬಿದ್ದ ವಿಕಿರಣದ ಲೆಕ್ಕ ಇಡುತ್ತವೆ. ಆ ಲೆಕ್ಕಕ್ಕೆ ಅಣುಶಕ್ತಿ ನಿಯಂತ್ರಣ ಮಂಡಳಿ ಹಾಕಿದ ಗೆರೆ: ಐದು ವರ್ಷದ ಸರಾಸರಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವ ವರ್ಷವೂ 30 ದಾಟಕೂಡದು. ಸಾರ್ವಜನಿಕರಿಗೆ ವರ್ಷಕ್ಕೆ 1.

ಬೆಳಗಾಗುವ ಹೊತ್ತಿಗೆ ವಿಕಿರಣದ ಮೂರೆಸಳಿನ ಗುರುತು ಅಂಟಿಸಿದ ಔಷಧದ ಪೆಟ್ಟಿಗೆ ವಾಹನ ಏರುತ್ತದೆ. ಹಿಂದೆ ನೆಲ ಒರೆಸುವವರು ಬರುತ್ತಾರೆ. ಡ್ರೈವರ್‌ಗೆ ಪೆಟ್ಟಿಗೆಯನ್ನು ತನ್ನ ಸೀಟಿನಿಂದ ಎಷ್ಟು ದೂರ ಕಟ್ಟಬೇಕೆಂಬುದು, ಒರೆಸುವವರಿಗೆ ಯಾವ ಡಬ್ಬಿ ಮುಟ್ಟಬಾರದೆಂಬುದು ಗೊತ್ತಿರಲೇಬೇಕು. ಇಂಗ್ಲಿಷ್ ಫಲಕ ಓದಿಸಿ ಸಹಿ ಹಾಕಿಸಿಕೊಂಡರೆ ಅದು ತರಬೇತಿಯಾಗದು. ಭೌತಶಾಸ್ತ್ರ ಓದಿದವರಷ್ಟೇ ಹೊತ್ತು ಅವರನ್ನೂ ಕೂರಿಸಿಕೊಂಡು, ಅವರಾಡುವ ಕನ್ನಡದಲ್ಲೇ ಕಲಿಸಿ.