ಮೊಬೈಲಿನ ಹೆಸರುಗಳು ಯಾರ ಖಾತೆಯಲ್ಲಿವೆ?

ಮೊಬೈಲಿನ ಪರದೆಯ ಮೇಲೆ ಅಕಾರಾದಿಯಾಗಿ ಸಾಲುಗಟ್ಟುವ ಹೆಸರುಗಳು ನೋಡುವವರಿಗೆ ಒಂದೇ ಪಟ್ಟಿಯಾಗಿ ತೋರಿದರೂ, ಯಂತ್ರದೊಳಗೆ ಅವು ಹಲವು ಮೂಲಗಳಿಂದ ಬಂದ ತುಂಡುಗಳ ಜೋಡಣೆಯಾಗಿರುತ್ತವೆ. ಸಿಮ್ ಕಾರ್ಡಿನಲ್ಲಿ ಉಳಿದುಕೊಂಡ ಹಳೆಯ ನಂಬರುಗಳು, ಇಮೇಲ್ ಖಾತೆಯ ಜೊತೆಗೆ ಇಳಿದುಬಂದ ವಿಳಾಸಗಳು, ಸಂದೇಶ ಕಳಿಸುವ ಆ್ಯಪ್‌ಗಳು ತಾವಾಗಿ ಅಂಟಿಸಿದ ಗುರುತುಗಳು, ಬಳಕೆದಾರರೇ ಒತ್ತಿ ಸೇವ್ ಮಾಡಿದ ಹೆಸರುಗಳು ಹೀಗೆ ಎಲ್ಲವೂ ಅಲ್ಲಿ ಸೇರಿರುತ್ತವೆ. ಇವುಗಳಲ್ಲಿ ಯಾವುದು ಸಾಧನದಲ್ಲೇ ಉಳಿಯುತ್ತದೆ, ಯಾವುದು ದೂರದ ಕಂಪನಿಯ ಸರ್ವರಿಗೆ, ಎಂದರೆ ರೂಢಿಯ ಮಾತಿನಲ್ಲಿ ಕ್ಲೌಡಿಗೆ, ಹೋಗುತ್ತದೆ ಎಂಬುದನ್ನು ನಿರ್ಧರಿಸುವುದು ಹೆಸರೂ ಅಲ್ಲ, ನಂಬರೂ ಅಲ್ಲ. ಪ್ರತಿಯೊಂದು ನಮೂದಿನ ಬೆನ್ನಿಗಿರುವ, ಪರದೆಯಲ್ಲಿ ಸಾಮಾನ್ಯವಾಗಿ ಕಾಣದ ಒಂದು ಕಾಲಂ.

2009ರಲ್ಲಿ ಆಂಡ್ರಾಯ್ಡ್‌ನ 2.0 ಆವೃತ್ತಿಯೊಂದಿಗೆ ಬಂದ ಮತ್ತು ಈಗಲೂ ಬಳಕೆಯಲ್ಲಿರುವ ವ್ಯವಸ್ಥೆಯಲ್ಲಿ ಸಂಪರ್ಕಗಳನ್ನು ಮೂರು ಪದರಗಳಲ್ಲಿ ಇಡಲಾಗುತ್ತದೆ. ತಳದಲ್ಲಿರುವುದು ದತ್ತಾಂಶದ ಪದರ. ಒಂದು ಫೋನ್ ನಂಬರಿಗೆ ಒಂದು ಸಾಲು, ಒಂದು ಇಮೇಲಿಗೆ ಇನ್ನೊಂದು ಸಾಲು, ಭಾವಚಿತ್ರಕ್ಕೆ ಮತ್ತೊಂದು ಸಾಲು ಎಂಬಂತೆ ವಿವರಗಳೆಲ್ಲ ಇಲ್ಲಿ ಬಿಡಿಬಿಡಿಯಾಗಿರುತ್ತವೆ. ಅದರ ಮೇಲೆ ಕಚ್ಚಾ ಸಂಪರ್ಕದ ಪದರವಿದ್ದು, ಒಂದು ಮೂಲದಿಂದ ಬಂದ ಒಬ್ಬ ವ್ಯಕ್ತಿಯ ಸಾಲುಗಳನ್ನು ಅದು ಒಂದು ಚೀಟಿಯಾಗಿ ಕಟ್ಟುತ್ತದೆ. ಎಲ್ಲಕ್ಕಿಂತ ಮೇಲಿನ ಪದರವು ಒಬ್ಬರೇ ಎಂದು ತೋರುವ ಹಲವು ಚೀಟಿಗಳನ್ನು ಒಂದರ ಮೇಲೊಂದು ಇಟ್ಟು ಪರದೆಗೆ ಒಂದೇ ಹೆಸರನ್ನು ಕಳಿಸುತ್ತದೆ. ಖಾತೆಯ ಹೆಸರು ಮತ್ತು ಖಾತೆಯ ಬಗೆ ಎಂಬ ಕಾಲಂಗಳಿರುವುದು ನಡುವಿನ ಪದರದಲ್ಲಿ. ಜಮೀನು ಯಾರದೆಂದು ತಿಳಿಯಬೇಕಾದವರು ಬೆಳೆಯನ್ನು ನೋಡದೆ ಪಹಣಿಯನ್ನು ತೆಗೆಸುವಂತೆ, ಒಂದು ಹೆಸರು ಯಾರ ಹಿಡಿತದಲ್ಲಿದೆಯೆಂದು ತಿಳಿಯಲು ಈ ಕಾಲಂ ಅನ್ನೇ ನೋಡಬೇಕಾಗುತ್ತದೆ. ಅಲ್ಲಿ ಒಂದು ಇಮೇಲ್ ಖಾತೆಯ ಹೆಸರಿದ್ದರೆ ಆ ಚೀಟಿ ಆ ಖಾತೆಯ ಸರ್ವರಿನೊಂದಿಗೆ ಸಿಂಕ್ ಆಗುತ್ತದೆ, ಎಂದರೆ ಎರಡೂ ಕಡೆಯ ಬದಲಾವಣೆಗಳು ಪರಸ್ಪರ ಹೊಂದಾಣಿಕೆಯಾಗುತ್ತಿರುತ್ತವೆ. ಕಾಲಂ ಖಾಲಿಯಿದ್ದರೆ ಅದನ್ನು ಒಯ್ಯುವ ಹಕ್ಕು ಯಾವ ಸಿಂಕ್ ವ್ಯವಸ್ಥೆಗೂ ಇರುವುದಿಲ್ಲ. ಹೊಸ ಹೆಸರನ್ನು ಸೇವ್ ಮಾಡುವಾಗ ಕಾಣುವ ‘ಫೋನ್’ ಅಥವಾ ‘ಡಿವೈಸ್’ ಎಂಬ ಆಯ್ಕೆಯ ಒಳಗಿನ ಅರ್ಥ ಸ್ಥೂಲವಾಗಿ ಇಷ್ಟೇ, ಆದರೆ ಕೆಲವು ತಯಾರಕರು ಕಾಲಂ ಖಾಲಿ ಬಿಡದೆ ತಮ್ಮದೇ ಒಂದು ಸ್ಥಳೀಯ ಖಾತೆಯ ಹೆಸರನ್ನು ಅಲ್ಲಿ ತುಂಬುವುದುಂಟು.

ಸಿಂಕ್ ಇದ್ದರೆ ಬ್ಯಾಕಪ್ ಇದ್ದಂತೆಯೇ ಎಂಬ ನಂಬಿಕೆ ವ್ಯಾಪಕವಾಗಿದೆ, ಆದರೆ ಇವೆರಡರ ಸ್ವಭಾವ ಬೇರೆ. ಬ್ಯಾಕಪ್ ಎಂಬುದು ಒಂದು ದಿನದ ಸ್ಥಿತಿಯನ್ನು ಕದಲದಂತೆ ಹಿಡಿದಿಡುವ ಪ್ರತಿ. ಸಿಂಕ್ ಇಲ್ಲಿಯ ಅಳಿಸುವಿಕೆಯನ್ನೂ ಅಷ್ಟೇ ನಿಷ್ಠೆಯಿಂದ ಅಲ್ಲಿಗೆ ಮುಟ್ಟಿಸುತ್ತದೆ. ಗೂಗಲ್ ಖಾತೆಯಲ್ಲಿ ಅಳಿಸಿದ ಸಂಪರ್ಕ 30 ದಿನ ಕಸದಬುಟ್ಟಿಯಲ್ಲಿದ್ದು ಆಮೇಲೆ ಕಾಣೆಯಾಗುತ್ತದೆ. ಫೋನಿನಿಂದ ಒಂದು ಖಾತೆಯನ್ನು ತೆಗೆದುಹಾಕಿದರೆ ಆ ಖಾತೆಯ ಚೀಟಿಗಳೂ ಫೋನಿನಿಂದ ಹೋಗುತ್ತವೆ. ಇದಕ್ಕೆ ವಿರುದ್ಧ ದಿಕ್ಕಿನ ಅಚಾತುರ್ಯವೂ ಉಂಟು: ಗೂಗಲ್‌ನ ಸಂಪರ್ಕ ಆ್ಯಪ್‌ನಲ್ಲಿ ಸಾಧನದ ಹಾಗೂ ಸಿಮ್ಮಿನ ಹೆಸರುಗಳನ್ನೂ ಖಾತೆಗೆ ಸೇರಿಸಿಕೊಳ್ಳುವ ಒಂದು ಆಯ್ಕೆಯಿದ್ದು, ಅದು ಚಾಲೂ ಆಗಿದ್ದರೆ ಸ್ಥಳೀಯವೆಂದುಕೊಂಡದ್ದೆಲ್ಲ ಸದ್ದಿಲ್ಲದೆ ಸರ್ವರ್ ಸೇರುತ್ತದೆ. ಐಫೋನಿನಲ್ಲಿ ಐಕ್ಲೌಡ್‌ನ ಸಂಪರ್ಕ ಸಿಂಕ್ ಅನ್ನು ನಿಲ್ಲಿಸುವಾಗ ಹೆಸರುಗಳನ್ನು ಫೋನಿನಲ್ಲಿ ಉಳಿಸಬೇಕೆ, ಅಳಿಸಬೇಕೆ ಎಂಬ ಪ್ರಶ್ನೆ ಬರುತ್ತದೆ. ಉಳಿಸುವ ಆಯ್ಕೆಯನ್ನು ಒತ್ತಿದರೆ ಅವು ಸ್ಥಳೀಯವಾಗುತ್ತವೆ.

ಕ್ಲೌಡ್ ಎಂಬ ಮಾತು ಹುಟ್ಟುವ ಮೊದಲೇ ಹೆಸರುಗಳಿಗೆ ಒಂದು ಅಚ್ಚುಕಟ್ಟಾದ ಸ್ಥಳೀಯ ನೆಲೆ ಸಿಮ್ ಕಾರ್ಡಿನಲ್ಲಿತ್ತು, ಮತ್ತು ಅದರ ರಚನೆ ಇಂದಿಗೂ ಕುತೂಹಲಕರವಾಗಿದೆ. ಸಿಮ್ಮಿನ ಫೋನ್ ಪುಸ್ತಕದಲ್ಲಿ ಎಲ್ಲ ನಮೂದುಗಳೂ ಒಂದೇ ಅಳತೆಯವು. ಹೆಸರಿಗೆಂದು ನಿಗದಿಯಾದ ಕೆಲವು ಬೈಟ್‌ಗಳು, ಅದರ ಬೆನ್ನಿಗೆ ನಂಬರು ಮತ್ತು ಅದರ ಲಕ್ಷಣಗಳಿಗೆ 14 ಬೈಟ್‌ಗಳು. ಬೈಟ್ ಎಂದರೆ ಎಂಟು ಬಿಟ್‌ಗಳ ಗುಂಪು. ನಂಬರಿನ ಎರಡೆರಡು ಅಂಕಿಗಳನ್ನು ಸ್ಥಾನಪಲ್ಲಟ ಮಾಡಿ ಒಂದೊಂದು ಬೈಟಿನೊಳಗೆ ತುರುಕುವುದರಿಂದ 10 ಬೈಟಿನಲ್ಲಿ 20 ಅಂಕಿಗಳು ಹಿಡಿಯುತ್ತವೆ. ನಮೂದಿನ ಕ್ರಮಸಂಖ್ಯೆಗೆ ಮೀಸಲಾದದ್ದು ಒಂದೇ ಬೈಟ್ ಆದ್ದರಿಂದ ಒಂದು ಕಡತದಲ್ಲಿ 254ಕ್ಕಿಂತ ಹೆಚ್ಚು ನಮೂದುಗಳಿಗೆ ಎಡೆಯಿಲ್ಲ. ‘ಸಿಮ್ಮಿನಲ್ಲಿ 250 ನಂಬರು’ ಎಂಬ ಹಳೆಯ ಮಿತಿಗೆ ಕಾರಣ ಇದೇ.

ಹೆಸರಿನ ಜಾಗವನ್ನು ಮೂಲತಃ ರೂಪಿಸಿದ್ದು ಏಳು ಬಿಟ್‌ಗಳ ರೋಮನ್ ವರ್ಣಮಾಲೆಗಾಗಿ. ಉಳಿದ ಲಿಪಿಗಳಿಗೆ ನೇರವಾದ ದಾರಿಯೆಂದರೆ ಪ್ರತಿ ಸಂಕೇತಕ್ಕೂ ಎರಡು ಬೈಟ್ ಕೊಡುವುದು. ಕನ್ನಡದಲ್ಲಿ ಇದರ ಪರಿಣಾಮ ತೀವ್ರವಾದದ್ದು, ಏಕೆಂದರೆ ‘ಲಕ್ಷ್ಮೀದೇವಮ್ಮ’ ಎಂಬ ಹೆಸರು ಓದುವವರಿಗೆ ಐದು ಅಕ್ಷರಗಳಾದರೂ, ಜಗತ್ತಿನ ಲಿಪಿಗಳಿಗೆಲ್ಲ ಸಂಖ್ಯೆ ಹಂಚುವ ಯೂನಿಕೋಡ್ ವ್ಯವಸ್ಥೆಯಲ್ಲಿ ವ್ಯಂಜನ, ಹಲಂತ ಚಿಹ್ನೆ ಮತ್ತು ಸ್ವರಚಿಹ್ನೆಗಳು ಪ್ರತ್ಯೇಕವಾಗಿ ಎಣಿಕೆಯಾಗಿ ಹದಿಮೂರು ಸಂಕೇತಗಳಾಗುತ್ತವೆ. ಹೆಸರಿಗೆ 14 ಬೈಟ್ ಇರುವ ಸಿಮ್ಮಿನಲ್ಲಿ ಗುರುತಿನ ಒಂದು ಬೈಟ್ ಕಳೆದರೆ ಆರು ಸಂಕೇತಗಳಷ್ಟೇ ಉಳಿದು, ಹೆಸರು ‘ಲಕ್ಷ್ಮ’ ಎಂಬಲ್ಲಿಗೆ ನಿಲ್ಲುತ್ತದೆ. ಆದರೆ ಸಿಮ್ಮಿನ ಮಾನದಂಡದಲ್ಲೇ ಇನ್ನೊಂದು ಜಾಣ ಉಪಾಯವೂ ಇದೆ: 128 ಸಂಕೇತಗಳ ಒಂದು ಖಂಡವನ್ನು ಮೊದಲು ಒಮ್ಮೆ ಹೆಸರಿಸಿ, ಆಮೇಲೆ ಪ್ರತಿ ಸಂಕೇತಕ್ಕೂ ಆ ಖಂಡದೊಳಗಿನ ಸ್ಥಾನವನ್ನಷ್ಟೇ ಒಂದೊಂದು ಬೈಟಿನಲ್ಲಿ ಬರೆಯುವುದು. ಯೂನಿಕೋಡ್ ಕನ್ನಡಕ್ಕೆ ಕೊಟ್ಟಿರುವ ಜಾಗ ಸರಿಯಾಗಿ 128 ಸ್ಥಾನಗಳದ್ದೇ ಆಗಿದ್ದು, ಆ ಖಂಡದ ಗಡಿಯೊಳಗೆ ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲದೆ ಕೂರುತ್ತದೆ. ಹೀಗಾಗಿ ಆರಂಭದ ಮೂರು ಬೈಟ್ ಕಳೆದು ಹನ್ನೊಂದು ಸಂಕೇತಗಳಿಗೆ ಜಾಗ ಸಿಕ್ಕಿ, ಹೆಸರು ‘ಲಕ್ಷ್ಮೀದೇವಮ’ದವರೆಗೆ ಬರುತ್ತದೆ, ಕೊನೆಯ ಒತ್ತಕ್ಷರ ಮಾತ್ರ ಕಳೆದುಹೋಗುತ್ತದೆ. ಈ ಉಪಾಯವನ್ನು ಬಳಸುವುದೋ ಬಿಡುವುದೋ ಫೋನಿನ ತಂತ್ರಾಂಶ ಬರೆದವರ ಮರ್ಜಿ. ಐಫೋನಂತೂ ಸಿಮ್ಮಿನಿಂದ ಹೆಸರುಗಳನ್ನು ತೆಗೆದುಕೊಳ್ಳುತ್ತದೆಯೇ ಹೊರತು ಅದಕ್ಕೆ ಬರೆಯುವುದಿಲ್ಲ.

ಒಂದು ಫೋನಿನಿಂದ ಇನ್ನೊಂದಕ್ಕೆ ಹೆಸರುಗಳನ್ನು ಸಾಗಿಸಲು ಇಂದು ರೂಢಿಯಲ್ಲಿರುವುದು ವಿಕಾರ್ಡ್ ಎಂಬ ಕಡತರೂಪ, ಅದರ ಬಾಲಂಗೋಚಿ ವಿಸಿಎಫ್. ಆ್ಯಪಲ್, ಎಟಿ ಆ್ಯಂಡ್ ಟಿ, ಐಬಿಎಂ ಮತ್ತು ಸೀಮೆನ್ಸ್ ಕಂಪನಿಗಳು ಕೂಡಿ ಕಟ್ಟಿದ್ದ ವರ್ಸಿಟ್ ಎಂಬ ಒಕ್ಕೂಟ 1995ರಲ್ಲಿ ಇದನ್ನು ಮುಂದಿಟ್ಟಿತು; 1996ರಲ್ಲಿ 2.1, 1998ರಲ್ಲಿ 3.0, 2011ರಲ್ಲಿ 4.0 ಆವೃತ್ತಿಗಳು ಬಂದವು. ಇದು ಯಾವುದೇ ಸಾದಾ ಪಠ್ಯ ಸಂಪಾದಕದಲ್ಲಿ ತೆರೆದು ಓದಬಹುದಾದ ಕಡತ. ಕಾರ್ಡ್ ಇಲ್ಲಿ ಆರಂಭ ಎಂಬ ಸಾಲು, ಆವೃತ್ತಿಯ ಸಾಲು, ಹೆಸರು, ನಂಬರು, ಇಲ್ಲಿಗೆ ಮುಗಿಯಿತು ಎಂಬ ಸಾಲು, ಮತ್ತೆ ಮುಂದಿನ ಕಾರ್ಡ್. ಇದರ ಬಲವಿರುವುದೂ ಈ ಸರಳತೆಯಲ್ಲೇ, ಏಕೆಂದರೆ ಬರೆದ ಕಂಪನಿ ಮುಚ್ಚಿಹೋದರೂ ಕಡತವನ್ನು ಓದಲು ಅಡ್ಡಿಯಿಲ್ಲ.

ಕನ್ನಡದ ಹೆಸರುಗಳು ಕೆಡುವುದು ಹೆಚ್ಚಾಗಿ 2.1 ಆವೃತ್ತಿಯಲ್ಲಿ, ಮತ್ತು ಅನೇಕ ಆಂಡ್ರಾಯ್ಡ್ ಫೋನುಗಳು ಬಹುಕಾಲ ಕಡತವನ್ನು ಹೊರಹಾಕುತ್ತಿದ್ದುದು ಅದೇ ಆವೃತ್ತಿಯಲ್ಲಿ. ಇಂಗ್ಲಿಷ್ ಅಕ್ಷರಗಳನ್ನು ಮಾತ್ರ ಸುರಕ್ಷಿತವಾಗಿ ದಾಟಿಸಬಲ್ಲ ಕಾಲದ ಇಮೇಲ್ ವ್ಯವಸ್ಥೆಗಾಗಿ ಹುಟ್ಟಿದ ಈ ರೂಪದಲ್ಲಿ, ಇಂಗ್ಲಿಷೇತರ ಬೈಟ್ ಒಂದೊಂದನ್ನೂ ಒಂದು ಸಮಚಿಹ್ನೆ ಮತ್ತು ಎರಡು ಅಂಕಿ-ಅಕ್ಷರಗಳಾಗಿ ಬಿಡಿಸಿ ಬರೆಯಲಾಗುತ್ತದೆ. ಕನ್ನಡದ ಪ್ರತಿ ಸಂಕೇತಕ್ಕೆ ಇಂದಿನ ಸಾಮಾನ್ಯ ಬರಹಕ್ರಮದಲ್ಲಿ ಮೂರು ಬೈಟ್ ಬೇಕಾಗುವುದರಿಂದ ಲಕ್ಷ್ಮೀದೇವಮ್ಮನವರ ಹದಿಮೂರು ಸಂಕೇತಗಳು 39 ಬೈಟುಗಳಾಗಿ, ಅವು 117 ಚಿಹ್ನೆಗಳಾಗಿ ಹಿಗ್ಗುತ್ತವೆ; ಒಂದು ಸಾಲು 76 ಚಿಹ್ನೆ ಮೀರಬಾರದೆಂಬ ನಿಯಮವಿರುವುದರಿಂದ ಹೆಸರು ಒಂದಕ್ಕಿಂತ ಹೆಚ್ಚು ಸಾಲುಗಳಿಗೆ ಮುರಿಯುತ್ತದೆ. ಓದುವ ತಂತ್ರಾಂಶಕ್ಕೆ ಈ ಮುರಿತ ಅರ್ಥವಾಗದಿದ್ದರೆ ಅರ್ಧ ಹೆಸರು ಉಳಿಯುತ್ತದೆ, ಇಲ್ಲವೇ ಸಮಚಿಹ್ನೆಗಳ ಸರಮಾಲೆಯೇ ಹೆಸರಾಗುತ್ತದೆ. ಮುಂದಿನ ಆವೃತ್ತಿಗಳಲ್ಲಿ ಕನ್ನಡವನ್ನು ಕನ್ನಡವಾಗಿಯೇ ಬರೆಯಬಹುದು, ಮತ್ತು ಸಾಲು ಮುರಿಯುವಾಗ ಒಂದು ಸಂಕೇತದ ಬೈಟುಗಳನ್ನು ಬೇರ್ಪಡಿಸಕೂಡದೆಂದು 4.0 ಸ್ಪಷ್ಟವಾಗಿ ವಿಧಿಸುತ್ತದೆ. ಆಯ್ಕೆಯಿದ್ದಲ್ಲಿ 3.0 ಅಥವಾ 4.0 ಅನ್ನೇ ಆರಿಸುವುದು ಲೇಸು.

ಹೆಸರಿನ ಒಳರಚನೆಯೂ ಇನ್ನೊಂದು ತೊಡಕು. ಮನೆತನದ ಹೆಸರು, ಸ್ವಂತ ಹೆಸರು, ನಡುಹೆಸರು ಎಂಬ ಪಾಶ್ಚಾತ್ಯ ವಿಭಜನೆಯನ್ನು ವಿಕಾರ್ಡ್ ಒಪ್ಪಿಕೊಂಡಿರುವುದರಿಂದ, ಒಂದೇ ಉಸಿರಿಗೆ ಟೈಪಿಸಿದ ಹೆಸರಿನ ಕೊನೆಯ ಪದವನ್ನು ಫೋನು ಮನೆತನದ ಹೆಸರೆಂದು ಊಹಿಸುತ್ತದೆ. ಊರು ಮತ್ತು ತಂದೆಯ ಹೆಸರು ಇನಿಷಿಯಲ್‌ಗಳಾಗಿ ಮುಂದೆ ನಿಲ್ಲುವ ಕರ್ನಾಟಕದ ಪದ್ಧತಿಯಲ್ಲಿ ಆ ಊಹೆ ತಲೆಕೆಳಗಾಗುತ್ತದೆ. ‘ಹಾಲಿನ ಮಂಜಣ್ಣ’ ಎಂಬಲ್ಲಿ ಮಂಜಣ್ಣ ಮನೆತನವಾಗಿ, ‘ಹಾಲಿನ’ ಎಂಬುದೇ ಸ್ವಂತ ಹೆಸರಾಗುತ್ತದೆ. ಮನೆತನದ ಪ್ರಕಾರ ವಿಂಗಡಿಸುವ ಆಯ್ಕೆಯನ್ನು ಒತ್ತುವವರೆಗೆ ಇದು ಗೊತ್ತೇ ಆಗುವುದಿಲ್ಲ.

ಕಡತವನ್ನು ಕೇಬಲ್, ಮೆಮೊರಿ ಕಾರ್ಡ್ ಅಥವಾ ಬ್ಲೂಟೂತ್ ಮೂಲಕ ಹೊಸ ಫೋನಿಗೆ ತಂದು ಇಂಪೋರ್ಟ್ ಮಾಡುವಾಗ ಯಾವ ಖಾತೆಗೆ ಸೇರಿಸಬೇಕೆಂಬ ಪ್ರಶ್ನೆ ಬಂದರೆ, ಪಟ್ಟಿ ಸ್ಥಳೀಯವಾಗುವುದೋ ಅಲ್ಲವೋ ಎಂಬುದು ಆ ಒಂದು ಉತ್ತರದಲ್ಲೇ ತೀರ್ಮಾನವಾಗುತ್ತದೆ. ಇಂಪೋರ್ಟ್ ಸಾಮಾನ್ಯವಾಗಿ ಹಳೆಯ ಚೀಟಿಗಳೊಂದಿಗೆ ಹೋಲಿಸಿ ನೋಡದೆ ಹೊಸ ಚೀಟಿಗಳನ್ನು ಸೇರಿಸುತ್ತಲೇ ಹೋಗುವುದರಿಂದ ಅದೇ ಕಡತವನ್ನು ಎರಡು ಸಲ ತೆರೆದರೆ ಹೆಸರುಗಳೂ ಎರಡೆರಡಾಗುತ್ತವೆ. ಸ್ಪ್ರೆಡ್‌ಶೀಟಿನಲ್ಲಿ ಪಟ್ಟಿಯನ್ನು ತಿದ್ದಲು ಹೊರಡುವವರಿಗೆ ಬೇರೆ ಅಪಾಯ ಕಾದಿರುತ್ತದೆ: ದೇಶಸಂಕೇತ ಸೇರಿದ ಹನ್ನೆರಡು ಅಂಕಿಯ ನಂಬರನ್ನು ಅದು ಬರಿಯ ಸಂಖ್ಯೆಯೆಂದು ಭಾವಿಸಿ ಮುಂದಿನ ಕೂಡುಚಿಹ್ನೆಯನ್ನು ನುಂಗಿ, ಘಾತರೂಪಕ್ಕೆ ಇಳಿಸುತ್ತದೆ. ಆ ಕೂಡುಚಿಹ್ನೆ ಮತ್ತು 91 ಭಾರತದೊಳಗೆ ಅನಗತ್ಯವೆನಿಸಿದರೂ, ದುಬೈಗೋ ಅಮೆರಿಕಕ್ಕೋ ಹೋದ ಕನ್ನಡಿಗರು ಊರಿಗೆ ಫೋನ್ ಹಚ್ಚುವಾಗ ಬರಿಯ ಹತ್ತು ಅಂಕಿ ಎಲ್ಲಿಗೂ ಮುಟ್ಟದೇ ಹೋಗಬಹುದು.

ಕ್ಲೌಡ್ ಬಿಟ್ಟವರ ಮೇಲೆ ಬೀಳುವ ಹೊಣೆ ಬ್ಯಾಕಪ್‌ನದು. ಫೋನು ನೀರಿಗೆ ಬಿದ್ದರೆ ಸ್ಥಳೀಯ ಪಟ್ಟಿಯೂ ನೀರುಪಾಲು. ಆಗಾಗ ಒಂದು ವಿಸಿಎಫ್ ಕಡತವನ್ನು ತೆಗೆದು ಫೋನಿನ ಹೊರಗೆ, ಕಂಪ್ಯೂಟರಿನಲ್ಲೋ ಪೆನ್‌ಡ್ರೈವಿನಲ್ಲೋ, ದಿನಾಂಕದ ಹೆಸರಿನಲ್ಲಿ ಇಡುವುದೊಂದೇ ಉಪಾಯ. ಹಲವು ಸಾಧನಗಳಿರುವವರು ಮನೆಯ ಕಂಪ್ಯೂಟರಿನಲ್ಲೇ ರ‍್ಯಾಡಿಕೇಲ್‌ನಂಥ ಸಣ್ಣ ಸರ್ವರ್ ನಡೆಸಬಹುದು, ಆದರೆ ಅದನ್ನು ಕಾಯುವ ತಾಳ್ಮೆ ಎಲ್ಲರಿಗೂ ಇರುವುದಿಲ್ಲ.

ಸ್ಥಳೀಯವೆಂದರೆ ಗುಟ್ಟಾದದ್ದು ಎಂದೇನೂ ಅಲ್ಲ. ಸಂಪರ್ಕ ಓದುವ ಅನುಮತಿ ಪಡೆದ ಆ್ಯಪ್‌ಗೆ ಖಾಲಿ ಕಾಲಂನ ಚೀಟಿಗಳೂ ಉಳಿದವುಗಳಂತೆಯೇ ತೆರೆದಿರುತ್ತವೆ, ಮತ್ತು ಓದಿದ್ದನ್ನು ಅದು ತನ್ನ ಸರ್ವರಿಗೆ ಒಯ್ಯುವುದನ್ನು ಆ ಕಾಲಂ ತಡೆಯಲಾರದು. ಸಾಲ ಕೊಡುವ ಆ್ಯಪ್‌ಗಳು ಸಂಪರ್ಕಪಟ್ಟಿಗೆ ಕೈಹಾಕಬಾರದೆಂದು ರಿಸರ್ವ್ ಬ್ಯಾಂಕ್ 2022ರ ಡಿಜಿಟಲ್ ಸಾಲದ ಮಾರ್ಗಸೂಚಿಯಲ್ಲಿ ಹೇಳಿದ್ದೂ, 2023ರಲ್ಲಿ ಗೂಗಲ್ ತನ್ನ ಪ್ಲೇ ಸ್ಟೋರಿನ ಇಂಥ ಆ್ಯಪ್‌ಗಳಿಗೆ ಅದೇ ನಿಷೇಧ ಹಾಕಿದ್ದೂ ಈ ಕಾರಣದಿಂದಲೇ. ವಸೂಲಿಗಾಗಿ ಸಾಲಗಾರರ ಬಂಧುಮಿತ್ರರಿಗೆಲ್ಲ ಕರೆ ಹೋಗುತ್ತಿದ್ದ ಕಾಲವದು. 2024ರ ಐಒಎಸ್ 18ರಿಂದ ಐಫೋನಿನಲ್ಲಿ ಆಯ್ದ ಹೆಸರುಗಳನ್ನಷ್ಟೇ ಒಂದು ಆ್ಯಪ್‌ಗೆ ತೋರಿಸಬಹುದಾಗಿದೆ. ಬ್ಲೂಟೂತ್‌ನಲ್ಲಿ ಜೋಡಿಸಿದ ಕಾರು ಕೂಡ ಅನುಮತಿ ಸಿಕ್ಕೊಡನೆ ಇದೇ ವಿಕಾರ್ಡ್ ರೂಪದಲ್ಲಿ ಇಡೀ ಪಟ್ಟಿಯನ್ನು ತನ್ನೊಳಗೆ ಎಳೆದುಕೊಳ್ಳಬಲ್ಲದಾದ್ದರಿಂದ, ಬಾಡಿಗೆ ಕಾರನ್ನು ಮರಳಿಸುವವರು ಫೋನಿನಲ್ಲಿ ಜೋಡಣೆಯನ್ನು ಅಳಿಸಿದರೆ ಸಾಲದು, ಕಾರಿನ ಪರದೆಯಲ್ಲೂ ಅಳಿಸಬೇಕಾಗುತ್ತದೆ.