ಧಮನಿಯ ಓಲೆಕಾರರು

ಹೃದಯಕ್ಕೆ ರಕ್ತವನ್ನೊದಗಿಸುವ ಧಮನಿಗಳಲ್ಲಿ ಕೊಬ್ಬು ಕಟ್ಟಿಕೊಂಡು ಹೃದಯಾಘಾತವಾಗುತ್ತದೆಂಬುದು ಎಲ್ಲರೂ ಬಲ್ಲ ಮಾತು. ಆದರೆ ಧಮನಿಯು ಕಸ ತುಂಬಿ ಮುಚ್ಚಿಹೋಗುವ ಬರಿಯ ಕೊಳವೆಯಲ್ಲ. ಅದು ಸಜೀವವಾದ ಅಂಗ. ಅದರ ಜೀವಕೋಶಗಳು ಸೂಕ್ಷ್ಮವಾದ ಅಣುಗಳ ಮೂಲಕ ಪರಸ್ಪರ ಸಂದೇಶಗಳನ್ನು ಕಳುಹಿಸುತ್ತಲೇ ಇರುತ್ತವೆ. ಈ ಅಣುಗಳನ್ನು ಧಮನಿಯ ಓಲೆಕಾರರೆನ್ನಬಹುದು. ರೋಗದ ಮರ್ಮವನ್ನರಿಯಲು ಇವುಗಳ ನಡೆಯನ್ನು ಅರಿಯಬೇಕು.

ಧಮನಿಯ ಒಳಮೈಗೆ ಜೀವಕೋಶಗಳ ಒಂದೇ ಪದರದ ಹೊದಿಕೆಯುಂಟು. ಸ್ವಸ್ಥವಾಗಿರುವಾಗ ಅದು ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಸೂಸುತ್ತದೆ. ಸುತ್ತಲಿನ ಸ್ನಾಯು ಸಡಿಲಗೊಳ್ಳಲಿ, ರಕ್ತ ಹೆಪ್ಪುಗಟ್ಟದಿರಲಿ ಎಂಬುದೇ ಅದರ ಸಂದೇಶ. ಅಮೆರಿಕದ ರಾಬರ್ಟ್ ಫರ್ಚ್‌ಗಾಟ್ ಅವರು 1980ರಲ್ಲಿ ಮೊಲದ ಮಹಾಧಮನಿಯ ಮೇಲೆ ತಾವು ನಡೆಸಿದ ಪ್ರಯೋಗವನ್ನು ಪ್ರಕಟಿಸಿದರು. ಒಳಹೊದಿಕೆಯನ್ನು ಉಜ್ಜಿ ತೆಗೆದರೆ, ಅಸಿಟೈಲ್‌ಕೋಲಿನ್ ಸೇರಿಸಿದರೂ ಧಮನಿಯು ಸಡಿಲಗೊಳ್ಳದೆಂಬುದು ಅದರಿಂದ ತಿಳಿದುಬಂದಿತು. ಹೊದಿಕೆಯಿಂದ ಹೊರಡುವ ದೂತನು ನೈಟ್ರಿಕ್ ಆಕ್ಸೈಡೇ ಎಂಬುದು ಮುಂದೆ ಸ್ಥಿರಪಟ್ಟಿತು. ಈ ಶೋಧಕ್ಕಾಗಿ 1998ರಲ್ಲಿ ಫರ್ಚ್‌ಗಾಟ್, ಲೂಯಿ ಇಗ್ನಾರೊ, ಫೆರಿದ್ ಮುರಾದ್ ಈ ಮೂವರಿಗೆ ನೊಬೆಲ್ ಪಾರಿತೋಷಕ ಸಂದಿತು.

ತಂಬಾಕಿನ ಹೊಗೆ, ಅಧಿಕ ರಕ್ತದೊತ್ತಡ, ಮಧುಮೇಹ, ರಕ್ತದಲ್ಲಿ ಮಿತಿಮೀರಿದ ಕೊಲೆಸ್ಟರಾಲ್ – ಇವುಗಳಿಂದ ಹೊದಿಕೆಯು ನೊಂದಾಗ ಈ ಹಿತಸಂದೇಶ ಕುಗ್ಗಿ, ಆಪತ್ತಿನ ಕೂಗೇಳುತ್ತದೆ. ಕೀಮೊಕೈನ್ ಎಂಬ ಅಣುಗಳು ಬಿಳಿಯ ರಕ್ತಕಣಗಳನ್ನು ಗೋಡೆಯೊಳಕ್ಕೆ ಕರೆಯುತ್ತವೆ. ಬಂದ ಕಣಗಳು ಅಲ್ಲಿ ಸೇರಿದ ಕೊಬ್ಬನ್ನು ನುಂಗಿ ಉಬ್ಬುತ್ತವೆ. ಇಂಟರ್‌ಲ್ಯೂಕಿನ್ ಮೊದಲಾದ ಅಣುಗಳನ್ನು ಸೂಸಿ ಮತ್ತಷ್ಟು ಕಣಗಳನ್ನು ಬರಮಾಡಿಕೊಳ್ಳುತ್ತವೆ. ಹೀಗೆ ರಕ್ಷಣೆಗೆ ಬಂದವರೇ ಉರಿಯೂತವನ್ನು ಬೆಳೆಸುತ್ತಾರೆ. ಕಡೆಗೆ ಆ ಕೊಬ್ಬಿನ ಗಂಟಿನ ಮೇಲ್ಪೊರೆ ಹರಿದು ರಕ್ತ ಹೆಪ್ಪುಗಟ್ಟಿದರೆ ಹೃದಯಾಘಾತವೊದಗುತ್ತದೆ.

ಇದು ಬರಿಯ ಊಹೆಯಲ್ಲ. ಒಮ್ಮೆ ಹೃದಯಾಘಾತಕ್ಕೊಳಗಾಗಿ ಬದುಕುಳಿದ ಹತ್ತು ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದ ಪರೀಕ್ಷೆಯೊಂದರ ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ಕ್ಯಾನಕಿನುಮ್ಯಾಬ್ ಎಂಬ ಔಷಧವು ಒಂದು ಬಗೆಯ ಇಂಟರ್‌ಲ್ಯೂಕಿನ್ನನ್ನು ತಡೆಯಿತು. ಕೊಲೆಸ್ಟರಾಲ್ ತಗ್ಗದಿದ್ದರೂ, 150 ಮಿಲಿಗ್ರಾಂ ಪ್ರಮಾಣದಲ್ಲಿ ಔಷಧ ಪಡೆದವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಹಾಗೂ ಹೃದ್ರೋಗದ ಮರಣಗಳು ಒಟ್ಟಾಗಿ ಶೇಕಡಾ 15ರಷ್ಟು ಇಳಿದವು. ಆದರೆ ಮಾರಕ ಸೋಂಕುಗಳು ತುಸು ಹೆಚ್ಚಿದವು. ಒಟ್ಟು ಮರಣಗಳಲ್ಲಿ ಗಣನೀಯ ಅಂತರ ಕಾಣಲಿಲ್ಲ. ಮೈಯನ್ನು ಕಾಯುವ ಓಲೆಕಾರನನ್ನೇ ತಡೆದುದಕ್ಕೆ ತೆರಬೇಕಾದ ಬೆಲೆಯಿದು.

ಆದುದರಿಂದ ಓಲೆಕಾರನನ್ನು ತಡೆಯುವುದಕ್ಕಿಂತ ಆಪತ್ತಿನ ಓಲೆ ಹೊರಡದಂತೆ ನೋಡಿಕೊಳ್ಳುವುದೇ ಲೇಸು. ಕೊರಿಯಾ ಯುದ್ಧದಲ್ಲಿ ಮಡಿದ 300 ಮಂದಿ ಅಮೆರಿಕನ್ ಸೈನಿಕರ ಹೃದಯಗಳನ್ನು ಪರೀಕ್ಷಿಸಿದ ವೈದ್ಯರು, ಅವರಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಮಂದಿಯಲ್ಲಿ ಈ ರೋಗದ ಕುರುಹುಗಳಿದ್ದವೆಂದು 1953ರಲ್ಲಿ ವರದಿ ಮಾಡಿದರು. ಅವರ ಸರಾಸರಿ ವಯಸ್ಸು ಕೇವಲ 22! ಮುಪ್ಪಿನಲ್ಲಿ ಕಾಣುವ ರೋಗಕ್ಕೆ ಎಳವೆಯಲ್ಲೇ ಬೀಜ ಬೀಳುವುದಾದರೆ, ತಂಬಾಕನ್ನು ದೂರವಿಡುವ, ಆಟ ವ್ಯಾಯಾಮಗಳನ್ನು ರೂಢಿಸುವ ಪಾಠವೂ ಶಾಲೆಯಲ್ಲಿಯೇ ಮೊದಲಾಗಬೇಕಲ್ಲವೆ?