ಹಬ್ಬದ ಕೇಕಿಗೆ ಬೆಲೆ ಹೇಳುವುದು ಹೇಗೆ?



ಮಳೆ ನಿಂತು ಅಕ್ಟೋಬರ್ ತಿಂಗಳು ಮುಗಿಯುತ್ತಾ ಬಂದ ಹಾಗೆ ನಮ್ಮ ಸ್ವಸಹಾಯ ಸಂಘಗಳ ವಾರದ ಸಭೆಗಳಲ್ಲಿ ಒಂದು ಮಾತು ತಪ್ಪದೆ ಬರುತ್ತದೆ. "ಸಿಸ್ಟರ್, ಈ ಸಲ ಕ್ರಿಸ್ಮಸ್‌ಗೆ ಕೇಕ್ ಮಾಡಿ ಮಾರೋಣವಾ?" ಅಂತ. ಮಾಡಬಹುದು. ಒಳ್ಳೆಯ ಆದಾಯೋತ್ಪನ್ನ ಚಟುವಟಿಕೆಯೇ. ಆದರೆ ಕೆಲವು ವರ್ಷಗಳಿಂದ ನಾವು ಕಂಡದ್ದೇನೆಂದರೆ, ಕೇಕ್ ಚೆನ್ನಾಗಿ ಬಂದ ಸಂಘಗಳಲ್ಲೂ ಜನವರಿಯ ಸಭೆಯಲ್ಲಿ ಲೆಕ್ಕ ಪುಸ್ತಕ ತೆರೆದಾಗ ಮುಖಗಳು ಬಾಡಿರುತ್ತವೆ. ಕೇಕ್ ಎಲ್ಲ ಖರ್ಚಾಗಿದೆ, ಕೈಯಲ್ಲಿ ದುಡ್ಡಿಲ್ಲ. ಇದು ಯಾಕೆ ಹೀಗಾಗುತ್ತದೆ ಎಂಬುದನ್ನೇ ಈ ಸಲ ವಿವರಿಸಬೇಕೆಂದಿದ್ದೇವೆ.

ಕರಾವಳಿಯ ಕ್ರೈಸ್ತರ ಮನೆಗಳಲ್ಲಿ, ಅಲ್ಲಿಂದ ಘಟ್ಟ ಹತ್ತಿ ಬಂದವರ ಮನೆಗಳಲ್ಲೂ, ಕ್ರಿಸ್ಮಸ್ ತಿಂಡಿಗಳಿಗೆ ಕುಸ್ವಾರ್ ಅಂತ ಹೆಸರು. ನೆವ್ರಿ, ಕಿಡಿಯೊ, ಗುಳಿಯೊ, ಗುಲಾಬಿ ಹೂವಿನಂತಹ ಕೊಕ್ಕಿಸಾಂ, ಚಕ್ಕುಲಿ, ಇವುಗಳ ನಡುವೆ ಕಪ್ಪು ಬಣ್ಣದ ಹಣ್ಣಿನ ಕೇಕ್. ಓವನ್ ಇಲ್ಲದ ಕಾಲದಲ್ಲಿ ನಮ್ಮ ಅಜ್ಜಿಯಂದಿರು ಪಾತ್ರೆಯ ಕೆಳಗೆ ಕೆಂಡ, ಮುಚ್ಚಳದ ಮೇಲೂ ಕೆಂಡ ಇಟ್ಟು ಕೇಕ್ ಬೇಯಿಸುತ್ತಿದ್ದರು. ಹಬ್ಬದ ದಿನ ಇದೆಲ್ಲ ತಟ್ಟೆ ತುಂಬಿ ನೆರೆಮನೆಗೆ ಹೋಗುತ್ತದೆ. ಅವರ ದೀಪಾವಳಿಗೆ, ಅವರ ಈದ್‌ಗೆ ಆ ತಟ್ಟೆ ತುಂಬಿಕೊಂಡೇ ತಿರುಗಿ ಬರುತ್ತದೆ. ಕೊಡುವ ತಿಂಡಿಗೆ ಯಾರು ಲೆಕ್ಕ ಇಡುತ್ತಾರೆ? ಎಷ್ಟು ಬೆಣ್ಣೆ ಹೋಯಿತು, ಎಷ್ಟು ರಾತ್ರಿ ನಿದ್ದೆ ಕೆಟ್ಟಿತು ಎಂದು ಯಾರೂ ಬರೆದಿಡಲಿಲ್ಲ. ತೊಂದರೆ ಶುರುವಾಗುವುದು ಇಲ್ಲಿಂದಲೇ. ಒಬ್ಬ ಸದಸ್ಯೆ ನಮಗೆ ನೇರವಾಗಿಯೇ ಹೇಳಿದರು: "ಸಿಸ್ಟರ್, ಕೇಕ್ ಮಾಡ್ಲಿಕ್ಕೆ ಕಷ್ಟ ಇಲ್ಲ. ಪಕ್ಕದ ಮನೆಯ ಅಕ್ಕನ ಹತ್ರ ಇಷ್ಟು ಕೊಡಿ ಅಂತ ಬಾಯಿಬಿಟ್ಟು ಕೇಳ್ಲಿಕ್ಕೆ ನಾಚಿಕೆ ಆಗ್ತದೆ."

ಅಳತೆ ಮತ್ತು ಹದ

ಮೊದಲು ಕೇಕಿನ ಮಾತು. ಐದು ಅರ್ಧ ಕಿಲೋ ಕೇಕಿಗೆ ನಾವು ತರಬೇತಿಯಲ್ಲಿ ಕೊಡುವ ಅಳತೆ ಹೀಗಿದೆ. ಮೈದಾ ಅರ್ಧ ಕಿಲೋ, ಬೆಣ್ಣೆ ಅರ್ಧ ಕಿಲೋ, ಸಕ್ಕರೆ ಅರ್ಧ ಕಿಲೋ, ಮೊಟ್ಟೆ ಹತ್ತು. ಒಣದ್ರಾಕ್ಷಿ, ಕಪ್ಪು ದ್ರಾಕ್ಷಿ, ಖರ್ಜೂರ, ಟೂಟಿ ಫ್ರೂಟಿ, ಕಿತ್ತಳೆ ಸಿಪ್ಪೆ, ಗೋಡಂಬಿ ಎಲ್ಲ ಸೇರಿ ಮುಕ್ಕಾಲು ಕಿಲೋ. ಬೇಕಿಂಗ್ ಪೌಡರ್ ಒಂದೂವರೆ ಟೀ ಚಮಚ. ಚಕ್ಕೆ, ಲವಂಗ, ಜಾಯಿಕಾಯಿ ಪುಡಿ ಸೇರಿ ಒಂದು ಟೀ ಚಮಚ. ಕಪ್‌ನಲ್ಲಿ, ಲೋಟದಲ್ಲಿ ಅಳೆಯಬೇಡಿ. ಒಬ್ಬರ ಲೋಟ ಇನ್ನೊಬ್ಬರ ಲೋಟವಲ್ಲ. ಸಂಘದಿಂದ ಒಂದು ಡಿಜಿಟಲ್ ತಕ್ಕಡಿ ಕೊಂಡರೆ ಸಾಕು, ಹತ್ತು ಮನೆಯಲ್ಲಿ ಮಾಡಿದ ಕೇಕ್ ಒಂದೇ ತರ ಬರುತ್ತದೆ.

ಕಪ್ಪು ಬಣ್ಣ ಬರುವುದು ಸುಟ್ಟ ಸಕ್ಕರೆಯಿಂದ. ಅರ್ಧ ಕಿಲೋದಲ್ಲಿ ನೂರೈವತ್ತು ಗ್ರಾಂ ತೆಗೆದು ದಪ್ಪ ತಳದ ಪಾತ್ರೆಯಲ್ಲಿ ಕರಗಿಸಿ, ಕಡು ಕಂದು ಬಣ್ಣ ಬಂದ ಕೂಡಲೇ ಒಲೆ ಆರಿಸಿ. ಆಮೇಲೆ ಅರ್ಧ ಕಪ್ ಬಿಸಿನೀರನ್ನು ಸ್ವಲ್ಪ ಸ್ವಲ್ಪವೇ ಹಾಕಿ. ತಣ್ಣೀರು ಸುರಿದರೆ ಸಿಡಿಯುತ್ತದೆ, ಕೈ ಸುಟ್ಟುಕೊಂಡವರನ್ನು ನೋಡಿದ್ದೇವೆ. ಮಕ್ಕಳನ್ನು ಹತ್ತಿರ ಬಿಡಬೇಡಿ.

ಬೆಣ್ಣೆ ಮತ್ತು ಉಳಿದ ಸಕ್ಕರೆಯನ್ನು ಬಿಳಿಚಿಕೊಂಡು ಹಗುರವಾಗುವ ತನಕ ತಿರುವಬೇಕು. ಇಲ್ಲಿ ಅವಸರ ಬೇಡ. ಆಗ ಒಳಗೆ ಸೇರುವ ಗಾಳಿಯೇ ಒಲೆಯಲ್ಲಿ ಹಿಗ್ಗಿ ಕೇಕನ್ನು ಎಬ್ಬಿಸುತ್ತದೆ, ಬೇಕಿಂಗ್ ಪೌಡರ್ ಅದಕ್ಕೆ ನೆರವು ಮಾತ್ರ. ಮೊಟ್ಟೆ ಒಂದೊಂದಾಗಿ ಹಾಕಿ. ಫ್ರಿಜ್‌ನಿಂದ ತೆಗೆದ ತಣ್ಣಗಿನ ಮೊಟ್ಟೆಯಾದರೆ ಮಿಶ್ರಣ ಒಡೆಯುತ್ತದೆ, ಒಡೆದರೆ ಒಂದು ಚಮಚ ಮೈದಾ ಸೇರಿಸಿ. ತಣಿದ ಸಕ್ಕರೆ ನೀರು ಹಾಕಿದ ಮೇಲೆ ಜರಡಿ ಹಿಡಿದ ಮೈದಾ ಹಾಕಿ, ಕೈ ಹಗುರ ಮಾಡಿ ಬೆರೆಸಿ. ಮೈದಾ ಹಾಕಿದ ಮೇಲೆ ಹೆಚ್ಚು ತಿರುವಿದರೆ ಅಂಟು ಬಂದು ಕೇಕ್ ರಬ್ಬರಿನ ಹಾಗಾಗುತ್ತದೆ. ಹಣ್ಣುಗಳಿಗೆ ಸ್ವಲ್ಪ ಮೈದಾ ಸವರಿ ಕೊನೆಯಲ್ಲಿ ಸೇರಿಸಿದರೆ ತಳಕ್ಕೆ ಇಳಿಯುವುದು ಕಡಿಮೆ. ಓವನ್ ಮೊದಲೇ ಕಾದಿರಲಿ. 160 ಡಿಗ್ರಿಯಲ್ಲಿ ಸುಮಾರು ಒಂದು ಗಂಟೆ. ಕಡ್ಡಿ ಚುಚ್ಚಿ ತೆಗೆದಾಗ ಹಸಿ ಹಿಟ್ಟು ಅಂಟದಿದ್ದರೆ ಆಯಿತು. ನಮ್ಮ ಕಡೆ ಕರೆಂಟಿನ ಕಥೆ ನಿಮಗೆ ಗೊತ್ತೇ ಇದೆ. ನಡುವೆ ಹೋದರೆ ಗಾಬರಿಯಿಂದ ಓವನ್ ಬಾಗಿಲು ತೆಗೆಯಬೇಡಿ, ಒಳಗಿನ ಬಿಸಿ ಸ್ವಲ್ಪ ಹೊತ್ತು ಕಾಪಾಡುತ್ತದೆ.

ಮನೆಗೆ ಒಂದು ಕೇಕ್ ಮಾಡುವವರಿಗೆ ಗೊತ್ತಾಗದ ಒಂದು ತಪ್ಪು ಮಾರಾಟಕ್ಕೆ ಮಾಡುವಾಗ ಆಗುತ್ತದೆ. ಇಪ್ಪತ್ತು ಕೇಕಿನ ಹಿಟ್ಟನ್ನು ಒಂದೇ ಸಲ ಕಲಸಿ ಇಡುವುದು. ಓವನ್ ಹಿಡಿಯುವುದು ಐದೇ ಟಿನ್. ಕೊನೆಯ ಟಿನ್‌ಗಳ ಸರದಿ ಬರುವಾಗ ಮೂರು ಗಂಟೆ ಕಳೆದಿರುತ್ತದೆ, ಗಾಳಿಯೂ ಹೋಗಿರುತ್ತದೆ, ಬೇಕಿಂಗ್ ಪೌಡರಿನ ಶಕ್ತಿಯೂ ಹೋಗಿರುತ್ತದೆ. ಕೇಕ್ ಏಳುವುದಿಲ್ಲ. ಒಂದು ಒಲೆಗೆ ಬೇಕಾದಷ್ಟೇ ಕಲಸಿ.

ಹಣ್ಣು ನೆನೆಸುವ ವಿಷಯದಲ್ಲೂ ಒಂದು ಎಚ್ಚರ. ರಮ್‌ನಲ್ಲಿ ನೆನೆಸಿದ ಹಣ್ಣು ತಿಂಗಳುಗಟ್ಟಲೆ ಕೆಡದೆ ಇರುತ್ತದೆ. ಹಣ್ಣಿನ ರಸದಲ್ಲಿ ನೆನೆಸಿದ್ದು ಹಾಗಲ್ಲ. ಒಂದು ಸಂಘದವರು ಮದ್ಯ ಬೇಡವೆಂದು ದ್ರಾಕ್ಷಿ ರಸದಲ್ಲಿ ಐದು ಕಿಲೋ ಹಣ್ಣು ನೆನೆಸಿ, ರಮ್‌ನ ಹಾಗೆಯೇ ಒಂದು ತಿಂಗಳು ಭರಣಿಯಲ್ಲಿ ಇಟ್ಟರು. ಮುಚ್ಚಳ ತೆಗೆದಾಗ ನೊರೆ ಬಂದಿತ್ತು, ಹುಳಿ ವಾಸನೆ. ಎಲ್ಲ ಚೆಲ್ಲಬೇಕಾಯಿತು. ರಸದಲ್ಲಿ ಮಾಡುವವರು ಹಣ್ಣನ್ನು ರಸದೊಂದಿಗೆ ಹತ್ತು ನಿಮಿಷ ಕುದಿಸಿ, ತಣಿಸಿ, ಫ್ರಿಜ್‌ನಲ್ಲಿಟ್ಟು ಎರಡು ಮೂರು ದಿನದೊಳಗೆ ಬಳಸಿ. ಯಾವುದರಲ್ಲಿ ನೆನೆಸಿದ್ದೀರಿ ಎಂಬುದನ್ನು ಕೊಳ್ಳುವವರಿಗೆ ಹೇಳಲೇಬೇಕು. ಮದ್ಯ ಮುಟ್ಟದವರು ನಮ್ಮ ಸಂಘಗಳಲ್ಲೇ ಎಷ್ಟೋ ಮಂದಿ ಇದ್ದಾರೆ. ಹಾಗೆಯೇ ಇನ್ನೊಂದು ಮಾತು: ಕೇಕಿನ ಜೊತೆ ಮನೆಯಲ್ಲಿ ಮಾಡಿದ ವೈನ್ ಮಾರಲು ಹೋಗಬೇಡಿ. ಅಬಕಾರಿ ಪರವಾನಗಿ ಇಲ್ಲದೆ ಮಾರುವುದು ಅಪರಾಧ.

ತೂಕ, ಚೀಟಿ, ನೋಂದಣಿ

ಒಂದು ಸಲ ನಮ್ಮ ಸಂಘದ ಅರ್ಧ ಕಿಲೋ ಕೇಕನ್ನು ಒಬ್ಬರು ಅಂಗಡಿಯ ತಕ್ಕಡಿಯಲ್ಲಿಟ್ಟರು. 445 ಗ್ರಾಂ! ನಾಲ್ಕು ಜನರ ಎದುರು ಮಾನ ಹೋಯಿತು. ನಮ್ಮ ಹೆಣ್ಣುಮಕ್ಕಳು ಮೋಸ ಮಾಡಿರಲಿಲ್ಲ. ಟಿನ್‌ಗೆ ಸರಿಯಾಗಿ 500 ಗ್ರಾಂ ಹಿಟ್ಟು ತೂಗಿಯೇ ಹಾಕಿದ್ದರು. ಬೇಯುವಾಗ ನೀರಿನಂಶ ಆವಿಯಾಗಿ ಹತ್ತರಲ್ಲಿ ಒಂದು ಪಾಲಿನಷ್ಟು ತೂಕ ಇಳಿಯುತ್ತದೆ ಎಂಬುದು ಅವರಿಗೆ ತಿಳಿದಿರಲಿಲ್ಲ. ಟಿನ್‌ಗೆ 570 ಗ್ರಾಂ ಹಾಕಿ, ಬೆಂದು ಪೂರ್ತಿ ತಣಿದ ಮೇಲೆ ಇನ್ನೊಮ್ಮೆ ತೂಗಿ. ಬಿಸಿ ಇರುವಾಗಲೇ ಕವರ್ ಹಾಕಿದರೆ ಒಳಗೆ ಬೆವರಿ ಬೂಷ್ಟು ಹಿಡಿಯುತ್ತದೆ. ರಾತ್ರಿ ಬೇಯಿಸಿದ್ದನ್ನು ಬೆಳಿಗ್ಗೆ ಪ್ಯಾಕ್ ಮಾಡಿ.

ಮನೆಯಲ್ಲಿ ಮಾಡಿ ಮಾರುವವರಿಗೂ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು. ನಾವು ಬರೀ ಹೆಂಗಸರು, ಹಬ್ಬಕ್ಕೆ ಮಾತ್ರ ಮಾಡುವುದು ಎಂದರೆ ನಡೆಯುವುದಿಲ್ಲ. ಅರ್ಜಿ ಆನ್‌ಲೈನಿನಲ್ಲಿ ಹಾಕಬಹುದು. ಸಿಗುವ 14 ಅಂಕಿಗಳ ಸಂಖ್ಯೆಯನ್ನು ಚೀಟಿಯ ಮೇಲೆ ಹಾಕಬೇಕು. ಜೊತೆಗೆ ತಿಂಡಿಯ ಹೆಸರು, ಹಾಕಿದ ಸಾಮಾನುಗಳು, ತೂಕ, ಮಾಡಿದ ದಿನ, ಎಷ್ಟು ದಿನದೊಳಗೆ ತಿನ್ನಬೇಕು, ಸಂಘದ ಹೆಸರು ವಿಳಾಸ. ಹಲವರು ಕೇಕ್ ಡಬ್ಬಿಗೆ ಹಸಿರು ಚುಕ್ಕೆ ಅಂಟಿಸುತ್ತಾರೆ. ಮೊಟ್ಟೆ ಹಾಕಿದ ಕೇಕಿಗೆ ಅದು ತಪ್ಪು. ಕಾನೂನಿನ ಪ್ರಕಾರ ಅದಕ್ಕೆ ಮಾಂಸಾಹಾರದ ಗುರುತು, ಅಂದರೆ ಚೌಕದೊಳಗೆ ಕಂದು ಬಣ್ಣದ ತ್ರಿಕೋನ ಇರಬೇಕು. ಬೆಣ್ಣೆ ದುಬಾರಿ ಎಂದು ವನಸ್ಪತಿ ಹಾಕಿದರೆ ಚೀಟಿಯಲ್ಲಿ ಹಾಗೆಯೇ ಬರೆಯಿರಿ, ಬೆಣ್ಣೆ ಕೇಕ್ ಅನ್ನಬೇಡಿ. ಕೊಳ್ಳುವಾಗಲೂ ನೋಡಿ ಕೊಳ್ಳಿ. 2022ರ ಜನವರಿಯಿಂದ ಎಣ್ಣೆ, ವನಸ್ಪತಿಗಳಲ್ಲಿ ಹೃದಯಕ್ಕೆ ಕೆಟ್ಟದಾದ ಟ್ರಾನ್ಸ್ ಕೊಬ್ಬು ಶೇಕಡಾ 2ಕ್ಕಿಂತ ಹೆಚ್ಚು ಇರಕೂಡದು ಎಂಬ ನಿಯಮವಿದೆ. ಲೂಸ್ ಮಾಲಿಗೆ ಯಾವ ಖಾತರಿಯೂ ಇಲ್ಲ.

ಯಾರ ಕೂಲಿ?

ಈಗ ಮುಖ್ಯ ವಿಷಯಕ್ಕೆ ಬರೋಣ. ಒಂದು ಸಂಘದವರ ಜೊತೆ ನೆಲದ ಮೇಲೆ ಕೂತು ಮಾಡಿದ ಲೆಕ್ಕವನ್ನೇ ಇಲ್ಲಿ ಕೊಡುತ್ತೇವೆ. ನಿಮ್ಮ ಊರಿನ ಬೆಲೆ ಬೇರೆ ಇರಬಹುದು, ದಾರಿ ಇದೇ.

ಐದು ಕೇಕಿಗೆ ಮೈದಾ 25 ರೂಪಾಯಿ, ಬೆಣ್ಣೆ 300, ಸಕ್ಕರೆ 25, ಮೊಟ್ಟೆ 70, ಹಣ್ಣು ಗೋಡಂಬಿ 350, ಮಸಾಲೆ, ಬೇಕಿಂಗ್ ಪೌಡರ್, ರಸ ಎಲ್ಲ 50. ಒಟ್ಟು 820. ಕರೆಂಟಿಗೆ 40, ಡಬ್ಬಿ, ಬಟರ್ ಪೇಪರ್, ಚೀಟಿಗೆ 75, ಪೇಟೆಗೆ ಹೋಗಿ ಬಂದ ಬಸ್ಸಿಗೆ 40. ಅಲ್ಲಿಗೆ 975. ಒಂದು ಕೇಕಿಗೆ 195 ರೂಪಾಯಿ. ಆ ಸಂಘ 220ಕ್ಕೆ ಮಾರುತ್ತಿತ್ತು. ಕೇಕಿಗೆ 25 ರೂಪಾಯಿ, ಇಪ್ಪತ್ತು ಕೇಕಿಗೆ 500 ರೂಪಾಯಿ ಲಾಭ ಎಂದು ಎಲ್ಲರಿಗೂ ಖುಷಿ.

ನಾವು ಕೇಳಿದೆವು, ಇಪ್ಪತ್ತು ಕೇಕಿಗೆ ಎಷ್ಟು ಜನ ಎಷ್ಟು ದಿನ ಕೆಲಸ ಮಾಡಿದಿರಿ? ಇಬ್ಬರು ಒಂದು ದಿನ ಪೂರ್ತಿ. ಹಣ್ಣು ಹೆಚ್ಚಿದ್ದು, ಪಾತ್ರೆ ತೊಳೆದದ್ದು, ಪ್ಯಾಕ್ ಮಾಡಿದ್ದು ಸೇರಿದರೆ ಇನ್ನೊಂದು ಆಳಿನ ದಿನ. ಅಂದರೆ ಮೂರು ಆಳು. ಮೂರು ಆಳಿಗೆ ಸಿಕ್ಕಿದ್ದು 500 ರೂಪಾಯಿ, ಒಬ್ಬೊಬ್ಬರಿಗೆ 167 ಕೂಡ ಪೂರ್ತಿ ಇಲ್ಲ. ಅದೇ ಹೆಂಗಸರು ತೋಟದ ಕೆಲಸಕ್ಕೆ ಹೋದರೆ 400 ರೂಪಾಯಿ ಸಿಗುತ್ತಿತ್ತು. ಕೋಣೆಯಲ್ಲಿ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಒಬ್ಬರು, "ಅದು ಮನೆ ಕೆಲಸ ಅಲ್ವಾ ಸಿಸ್ಟರ್, ಅದಕ್ಕೆಂಥ ಕೂಲಿ?" ಅಂದರು. ಬೇರೆಯವರ ತೋಟದಲ್ಲಿ ಬಗ್ಗಿದರೆ ಕೂಲಿ, ನಮ್ಮ ಅಡಿಗೆಮನೆಯಲ್ಲಿ ಬಗ್ಗಿದರೆ ಅದು ಕೆಲಸವೇ ಅಲ್ಲ! ಬೇಕರಿಯವನು ತನ್ನ ಕೆಲಸದವನಿಗೆ ಸಂಬಳ ಕೊಟ್ಟ ಮೇಲೆ ತಾನೇ ಲಾಭ ಎಣಿಸುವುದು?

ಮೂರು ಆಳಿಗೆ 400ರಂತೆ 1200. ಕೇಕಿಗೆ 60. ಈಗ ಅಸಲೇ 255 ಆಯಿತು. ಓವನ್ ಸವಕಳಿಗೆ, ಸೀದು ಹೋದ ಒಂದೆರಡು ಕೇಕಿಗೆ 15 ಸೇರಿಸಿದರೆ 270. ಅದಕ್ಕೆ 50 ರೂಪಾಯಿ ಸೇರಿಸಿ 320 ಎಂದು ನಿರ್ಣಯ ಪುಸ್ತಕದಲ್ಲಿ ಬರೆದೆವು. ಕೂಲಿಯನ್ನು ಕೆಲಸ ಮಾಡಿದವರಿಗೆ ಅದೇ ವಾರ ಕೊಡುವುದು, ಮಿಕ್ಕಿದ್ದು ಸಂಘದ ನಿಧಿಗೆ. ಕೆಲಸಕ್ಕೆ ಬಾರದವರಿಗೂ ಸಮಪಾಲು ಎಂದು ಮಾಡಿಕೊಂಡು ಜಗಳವಾದ ಸಂಘಗಳನ್ನು ಕಂಡಿದ್ದೇವೆ. ಯಾರು ಎಷ್ಟು ಗಂಟೆ ಬಂದರು ಎಂಬುದಕ್ಕೆ ಒಂದು ಹಾಳೆ ಗೋಡೆಗೆ ಅಂಟಿಸಿಡಿ.

ಬೆಲೆ ಕೇಳಿ ಕೆಲವರು ಮುಖ ತಿರುಗಿಸುತ್ತಾರೆ. ಆ ಸಂಘಕ್ಕೂ ಹಾಗೆಯೇ ಆಯಿತು, ಹಳೆಯ ಗಿರಾಕಿಗಳಲ್ಲಿ ಕೆಲವರು ಬರಲಿಲ್ಲ. ಆ ವರ್ಷ ಕಡಿಮೆ ಕೇಕ್ ಮಾಡಿದರು, ಹೆಚ್ಚು ದುಡ್ಡು ಉಳಿಯಿತು. ಪಕ್ಕದ ಮನೆಗೆ ಕೊಡುವ ತಟ್ಟೆಯನ್ನು ನಿಲ್ಲಿಸಿ ಎಂದು ನಾವು ಹೇಳುತ್ತಿಲ್ಲ. ಅದು ಬೇರೆ, ಇದು ಬೇರೆ. ಕೊಡುವುದನ್ನು ನಿಮ್ಮ ಮನೆ ಖರ್ಚಿನಲ್ಲಿ ಕೊಡಿ, ಸಂಘದ ಕೇಕಿನಲ್ಲಿ ರಿಯಾಯಿತಿ ಬೇಡ. ಹಾಗೆ ಮಾಡಿದರೆ ಕೂಲಿ ಕಳೆದುಕೊಳ್ಳುವುದು ನೀವೊಬ್ಬರೇ ಅಲ್ಲ.

ಮೊದಲ ವರ್ಷ ಸಾಲ ಮಾಡಿ ದೊಡ್ಡ ಓವನ್ ಕೊಳ್ಳಬೇಡಿ. ಡಿಸೆಂಬರಿನಲ್ಲಿ ಇಪ್ಪತ್ತು ದಿನ ಓಡುವ ಓವನ್‌ಗೆ ಕಂತು ಹನ್ನೆರಡು ತಿಂಗಳು ಕಟ್ಟಬೇಕು. ಒಬ್ಬ ಸದಸ್ಯೆಯ ಮನೆಯ ಸಣ್ಣ ಓವನ್ ಬಾಡಿಗೆಗೆ ತೆಗೆದುಕೊಳ್ಳಿ, ಅಥವಾ ಊರಿನ ಬೇಕರಿಯವರನ್ನು ಅವರ ಒಲೆ ಖಾಲಿ ಇರುವ ಹೊತ್ತಿಗೆ ಟ್ರೇಗೆ ಇಷ್ಟು ಎಂದು ಕೇಳಿ ನೋಡಿ. ಓವನ್ ಇಲ್ಲದವರು ಕಿಡಿಯೊ, ಕೊಕ್ಕಿಸಾಂ, ನೆವ್ರಿಯಿಂದ ಶುರು ಮಾಡಬಹುದು. ಮಾರುವ ನೆವ್ರಿಗೆ ಹಸಿ ತೆಂಗಿನಕಾಯಿ ಬೇಡ, ಬೇಗ ಹಳಸುತ್ತದೆ. ಹುರಿದ ಒಣಕೊಬ್ಬರಿ, ಎಳ್ಳು ಹಾಕಿ. ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಬೇಡಿ.

ಆರ್ಡರನ್ನು ಡಿಸೆಂಬರ್ 10ರೊಳಗೆ ಅರ್ಧ ಮುಂಗಡದೊಂದಿಗೆ ಬರೆದುಕೊಳ್ಳಿ. ಸಾಲಕ್ಕೆ ಕೊಟ್ಟ ಕೇಕಿನ ದುಡ್ಡು ಹಬ್ಬ ಮುಗಿದ ಮೇಲೆ ಬರುವುದು ಕಷ್ಟ. ಹಣ್ಣು, ಗೋಡಂಬಿಯ ಬೆಲೆ ಹಬ್ಬ ಹತ್ತಿರವಾದಂತೆ ಏರುತ್ತದೆ, ನವೆಂಬರಿನಲ್ಲೇ ಎರಡು ಮೂರು ಸಂಘ ಸೇರಿ ಸಗಟು ಅಂಗಡಿಯಿಂದ ತನ್ನಿ. ಲೆಕ್ಕದ ಹಾಳೆ ತುಂಬಲು ಕಷ್ಟವಾದರೆ ನಿಮ್ಮ ವಲಯದ ಕಾರ್ಯಕರ್ತೆಯನ್ನು ಮುಂದಿನ ಸಭೆಗೆ ಕರೆಯಿರಿ. ಬರುವಾಗ ಕೊಂಡ ಸಾಮಾನಿನ ಬಿಲ್ಲುಗಳನ್ನೆಲ್ಲ ಜೋಡಿಸಿ ಇಟ್ಟಿರಿ.